ಕಾರಿನ ಜಿಪಿಎಸ್‌ಗೆ ಉಪಗ್ರಹ ಸಿಗದಿದ್ದಾಗ

ಕಾರು ಹೊರಟು 20 ನಿಮಿಷವಾದರೂ ಪರದೆಯ ಮೇಲೆ ‘ಉಪಗ್ರಹ ಹುಡುಕಲಾಗುತ್ತಿದೆ’ ಎಂದೇ ಇರುತ್ತಿತ್ತು. ಸಿಕ್ಕಾಗಲೂ ತುಮಕೂರು ರಸ್ತೆಯಲ್ಲಿದ್ದ ಕಾರನ್ನು ಪಕ್ಕದ ಹೊಲದೊಳಗೆ ತೋರಿಸುತ್ತಿತ್ತು.

ನಕ್ಷೆ ನವೀಕರಿಸಿದೆ, ಫ್ಯಾಕ್ಟರಿ ರೀಸೆಟ್ ಮಾಡಿದೆ, ಹೊರಗಿನ ಆಂಟೆನಾ ಕೊಂಡೆ. ಯಾವುದೂ ಫಲಿಸಲಿಲ್ಲ. ನಕ್ಷೆಗೂ ಉಪಗ್ರಹ ಸಿಗುವುದಕ್ಕೂ ಸಂಬಂಧವೇ ಇಲ್ಲ. ಅದು ಮೊದಲೇ ಹೊಳೆಯಬೇಕಿತ್ತು.

ಕೊನೆಗೆ ಸಾಧನವನ್ನು ಅದರದೇ ಬ್ಯಾಟರಿಯಲ್ಲಿ ಓಡಿಸಿ, ಸಿಗ್ನಲ್ ತೋರಿಸುವ ಪುಟ ತೆರೆದು, ಲೈಟರ್ ಸಾಕೆಟ್ಟಿನಲ್ಲಿದ್ದ ಎಲ್ಲವನ್ನೂ ಕಿತ್ತೆ. ಒಂದು ನಿಮಿಷದೊಳಗೆ 9 ಉಪಗ್ರಹಗಳು ಬಂದವು. ಒಂದೊಂದನ್ನೇ ಮರಳಿ ಸಿಕ್ಕಿಸುತ್ತ ಹೋದೆ. ಡ್ಯಾಶ್‌ಕ್ಯಾಮ್‌ನ (ಮುಂಗಾಜಿಗೆ ಅಂಟಿಸಿ ರಸ್ತೆ ಚಿತ್ರೀಕರಿಸುವ ಕ್ಯಾಮೆರಾ) ಅಗ್ಗದ ಚಾರ್ಜರ್ ಹಾಕಿದೊಡನೆ ಸಿಗ್ನಲ್ ಪಟ್ಟಿಗಳೆಲ್ಲ ಕುಸಿದವು. ಜಿಪಿಎಸ್ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ, ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬಹಳ ಕ್ಷೀಣವಾಗಿ ಬರುತ್ತದೆ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ ಅದನ್ನು ನುಂಗಿಬಿಡುತ್ತದೆ.

ಮೊದಲು ಚಾರ್ಜರ್ ಬದಲಿಸಿದೆ. ಆಮೇಲೆ ತಂತಿಗೆ ಫೆರೈಟ್ ಕೋರ್ (ವಿದ್ಯುತ್ ಗದ್ದಲ ತಗ್ಗಿಸುವ ಕಾಂತೀಯ ಉಂಗುರ) ತೊಡಿಸಿ, ಕ್ಯಾಮೆರಾವನ್ನು ಮುಂಗಾಜಿನ ಇನ್ನೊಂದು ತುದಿಗೆ ಸರಿಸಿದೆ. ಬಳಿಕ ಬಯಲಿನಲ್ಲಿ ಕಾರು ನಿಲ್ಲಿಸಿ, ಸಾಧನವನ್ನು 15 ನಿಮಿಷ ಹಾಗೆಯೇ ಬಿಟ್ಟೆ. ಉಪಗ್ರಹಗಳ ಪೂರ್ತಿ ಅಲ್ಮನಾಕ್ (ಯಾವ ಉಪಗ್ರಹ ಸುಮಾರು ಎಲ್ಲಿರುತ್ತದೆ ಎಂಬ ಪಟ್ಟಿ) ಇಳಿಯಲು 12.5 ನಿಮಿಷ ಬೇಕು, ಅವಸರ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಈಗ ಬೀದಿಯ ತಿರುವು ದಾಟುವುದರೊಳಗೆ ಸ್ಥಳ ಸಿಗುತ್ತದೆ.