ಲಿಲಿಯೆಂತಾಲನ ಗ್ಲೈಡರಿಗೆ ಕಾಲು ಜೋಡಿಸಿದ್ದು

ಬಿದಿರು ಸೀಳಲು ಹೋಗಿ ಮೊದಲ ದಿನವೇ ಹೆಬ್ಬೆರಳು ಸೀಳಿಕೊಂಡೆ.

ಜರ್ಮನಿಯ ಒಟ್ಟೊ ಲಿಲಿಯೆಂತಾಲ್ 1894ರಲ್ಲಿ ಮಾಡಿದ, ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರನ್ನು ಹತ್ತರಲ್ಲೊಂದು ಅಳತೆಗೆ ಕಟ್ಟಬೇಕು ಅನ್ನೋದು ನನ್ನ ಹುಚ್ಚು. ಮೂಲದ ರೆಕ್ಕೆ ತುದಿಯಿಂದ ತುದಿಗೆ 6.7 ಮೀಟರ್, ಹರವು 13 ಚದರ ಮೀಟರ್. ಎರಡು ಸೀರೆ ಪೂರ್ತಿ ಬಿಚ್ಚಿ ಹಾಸಿದರೆ ಹೆಚ್ಚುಕಮ್ಮಿ ಅಷ್ಟಾಗುತ್ತೆ. ತೂಕ ಮಾತ್ರ ಸುಮಾರು 20 ಕಿಲೊ. ಆತ ಬಳಸಿದ್ದು ವಿಲೋ ಮರದ ಕೋಲು, ಹತ್ತಿಬಟ್ಟೆ. ನನಗೆ ಸಿಕ್ಕಿದ್ದು ಬಿದಿರು, ಅಮ್ಮನ ಹಳೇ ಮಲ್ ಸೀರೆಯ ಸೆರಗು.

ಕಷ್ಟ ಕೊಟ್ಟಿದ್ದು ರೆಕ್ಕೆಯ ಬಾಗು. ಕೊಕ್ಕರೆಗಳನ್ನು ವರ್ಷಗಟ್ಟಲೆ ನೋಡಿ, ತನ್ನ ತಮ್ಮ ಗುಸ್ತಾಫ್ ಜೊತೆ ಸೇರಿ ಅಳೆದು ತೂಗಿ, ಚಪ್ಪಟೆ ರೆಕ್ಕೆಗಿಂತ ತುಸು ಬಾಗಿದ ರೆಕ್ಕೆಯೇ ಚೆನ್ನಾಗಿ ಎತ್ತುತ್ತೆ ಅಂತ ಆತ 1889ರಲ್ಲೇ ಪುಸ್ತಕ ಬರೆದಿದ್ದ. ನಾನು ಕಡ್ಡಿಗಳನ್ನು ರಾತ್ರಿಯಿಡೀ ನೆನೆಹಾಕಿ, ಮೋಂಬತ್ತಿ ಉರಿಗೆ ಹಿಡಿದು ಬಾಗಿಸಿದೆ. ಎಡಕ್ಕೂ ಬಲಕ್ಕೂ ಒಂದೇ ಬಾಗು ಬರಬೇಕಲ್ಲ, ಮೂರಕ್ಕೆ ಎರಡು ಕಡ್ಡಿ ಸುಟ್ಟವು. ಬಟ್ಟೆ ಬಿಗಿಯಾಗಲಿ ಅಂತ ಗಾಳಿಪಟದ ಹಾಗೆ ಮೈದಾ ಅಂಟು ಬಳಿದೆ. ಎರಡನೇ ರಾತ್ರಿಗೆ ಜಿರಲೆಗಳು ಬಲರೆಕ್ಕೆಯನ್ನು ಜಾಲರಿ ಮಾಡಿದ್ದವು. ಆಮೇಲೆ ಫೆವಿಕಾಲನ್ನೇ ನೀರು ಬೆರೆಸಿ ಬಳಿದೆ.

ತಾರಸಿಯಿಂದ ಬಿಟ್ಟೆ. ಮೂಗು ಮೇಲೆತ್ತಿತು, ಒಂದು ಗಳಿಗೆ ನಿಂತಿತು, ದೊಪ್ ಅಂತ ಬಿತ್ತು. ನಾಲ್ಕು ಸಲವೂ ಅದೇ ಕಥೆ.

ಆಗ ಹಳೇ ಫೋಟೊಗಳನ್ನು ಮತ್ತೆ ನೋಡಿದೆ. ಅಲ್ಲಿವರೆಗೆ ನನ್ನ ಕಣ್ಣು ಬರೀ ರೆಕ್ಕೆ ಮೇಲೇ ಇತ್ತು. ಕೆಳಗೆ ಆ ಮನುಷ್ಯ ತೋಳೂರಿ ಜೋತಾಡ್ತಿದ್ದಾನೆ, ಕಾಲು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಪಕ್ಕಕ್ಕೆ. ತಿರುಗಿಸೋಕೆ ಬೇರೇನೂ ಇಲ್ಲ, ಆ ಕಾಲುಗಳೇ ಸ್ಟಿಯರಿಂಗ್! ನನ್ನ ಗ್ಲೈಡರಿಗೆ ಸವಾರನೇ ಇರಲಿಲ್ಲ.

ತಂತಿಯ ಗೊಂಬೆ ಮಾಡಿ, ಸೊಂಟದ ಕೆಳಗೆ ಜೇಡಿ ಮೆತ್ತಿದೆ. ಗೊಂಬೆಗೇ 80 ಗ್ರಾಂ. ಕಾಲು ಒಂದು ಬೆರಳಿನಷ್ಟು ಮುಂದಕ್ಕೆ ಬಾಗಿಸಿ ಬಿಟ್ಟೆ, ಪಕ್ಕದ ಮನೆ ತೆಂಗಿನ ಮರದವರೆಗೆ ನೆಟ್ಟಗೆ ಹೋಯಿತು. ಇನ್ನೂ ಮುಂದಕ್ಕೆ ಬಾಗಿಸಿದರೆ ಮೂಗು ಕೆಳಗೆ, ಹಿಂದಕ್ಕೆ ತಳ್ಳಿದರೆ ಮತ್ತೆ ಹಳೇ ದೊಪ್.

ಲಿಲಿಯೆಂತಾಲ್ ಬರ್ಲಿನ್ ಪಕ್ಕ ಮಣ್ಣು ಸುರಿಸಿ 15 ಮೀಟರ್ ದಿಬ್ಬವನ್ನೇ ಕಟ್ಟಿಸಿಕೊಂಡು ಹಾರಿದವನು. ರೀನೋ ಬೆಟ್ಟಗಳಲ್ಲಿ 250 ಮೀಟರ್ ದೂರದವರೆಗೂ ತೇಲಿದ್ದ. ಆದರೆ ತೋಳಲ್ಲಿ ನೇತಾಡುವವನು ಮೈಯನ್ನು ಎಷ್ಟು ಅಂತ ಸರಿಸಿಯಾನು? 1896ರ ಆಗಸ್ಟ್ 9ರಂದು ಸ್ಟೋಲ್ನ್ ಹಳ್ಳಿ ಹತ್ತಿರ ಗ್ಲೈಡರ್ ಗಾಳಿಯಲ್ಲಿ ತಡೆದು ನಿಂತು ಬಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಮಾರನೇ ದಿನ ತೀರಿಕೊಂಡ.

ಮೊನ್ನೆ ಆಷಾಢದ ಗಾಳಿಯಲ್ಲಿ ನನ್ನದೂ ಹಾಗೇ ಒಂದು ಗಳಿಗೆ ನಿಂತಿತು. ಗೊಂಬೆಯ ಕಾಲು ನಾನು ಬಾಗಿಸಿದ್ದಲ್ಲೇ ಇತ್ತು. ಬಾಲ ಮುರಿದಿದೆ, ಎರಡು ಕಡ್ಡಿ ಬಕೆಟ್‌ನಲ್ಲಿ ನೆನೆಯುತ್ತಿವೆ.