ಕೆಳಗಿನಿಂದ ಹತ್ತಿ, ಮೇಲಿನಿಂದ ಇಳಿದು: ಹಿಪ್ಪುನೇರಳೆ ಹೊಲಗಳಲ್ಲಿ ಸಮತೋಲ ಹಿಡಿದ ನನ್ನ ಅನುಭವ

ನೆರೆಹೊರೆಯ ಪ್ರಭಾವ ಇರುವ ಆಟದಲ್ಲಿ, ಅಂದರೆ ಪಕ್ಕದವರ ನಿರ್ಧಾರ ನೋಡಿ ನಮ್ಮದೂ ಬದಲಾಗುವ ಕಡೆ, ಒಂದಕ್ಕಿಂತ ಜಾಸ್ತಿ ಸಮತೋಲಗಳಿದ್ದರೆ (ಯಾರಿಗೂ ತಮ್ಮ ನಿರ್ಧಾರ ಬದಲಿಸಬೇಕು ಅನ್ನಿಸದ ಸ್ಥಿತಿಗಳು) ಆ ಪ್ರಭಾವ ಎಷ್ಟು ಅಂತ ಅಂದಾಜು ಕಟ್ಟುವುದು ಆಗದ ಕೆಲಸ ಅಂತ ನನಗೆ ಹೇಳಿದವರು ಬಹಳ ಜನ. ಆಗುತ್ತದೆ. ಶಿಡ್ಲಘಟ್ಟದ ಕಡೆಯ ಮೂರು ಊರುಗಳ ಹೊಲಗಳ ಮೇಲೆ ಮಾಡಿ ನೋಡಿದ್ದೇನೆ, ಮುಂದೇನಾಗುತ್ತದೆ ಅಂತ ಮೊದಲೇ ಬರೆದುಕೊಟ್ಟು ಸರಿಯಾಗಿದ್ದನ್ನೂ ಕಂಡಿದ್ದೇನೆ. ಊರುಗಳ ಹೆಸರು ಹಾಕುವುದಿಲ್ಲ. ರೈತರಿಗೆ ಹಾಗಂತ ಮಾತು ಕೊಟ್ಟಿದ್ದೇನೆ.

ಹಿಪ್ಪುನೇರಳೆಯನ್ನೇ ಹಿಡಿದಿದ್ದಕ್ಕೆ ಕಾರಣ ಇದೆ. ರೇಷ್ಮೆ ಊರುಗಳಲ್ಲಿ ಪಕ್ಕದ ಹೊಲದವರು ಏನು ಬೆಳೆಯುತ್ತಾರೆ ಅನ್ನುವುದು ನೋಡಿ ಕಲಿಯುವ ವಿಷಯ ಮಾತ್ರ ಅಲ್ಲ. ಅವರು ದ್ರಾಕ್ಷಿಗೋ ಟೊಮೆಟೊಗೋ ಔಷಧಿ ಹೊಡೆದರೆ ಅದು ಗಾಳಿಯಲ್ಲಿ ಬಂದು ಇವರ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ಹುಳ ಸಾಯುತ್ತದೆ. ಚಾಕಿ (ಎಳೆಯ) ಹುಳ ತಂದು, ಉಳಿದ ಜ್ವರ (ಪೊರೆ ಬಿಡುವ ಹಂತ) ದಾಟಿಸಿ, ಇನ್ನೇನು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡಬೇಕು ಅನ್ನುವಾಗ ಹೀಗಾದರೆ ಅಷ್ಟೂ ದಿನದ ದುಡಿಮೆ ಹೋಯಿತು. ಹಾಗಾಗಿ ಸುತ್ತ ಹಿಪ್ಪುನೇರಳೆ ಇದ್ದರೆ ನಾನೂ ಇಟ್ಟುಕೊಳ್ಳುತ್ತೇನೆ, ಸುತ್ತ ತರಕಾರಿ ಬಂದರೆ ನಾನೂ ಕಿತ್ತು ಹಾಕುತ್ತೇನೆ. ಇದಕ್ಕಿಂತ ಚೆನ್ನಾದ ಪೂರಕ ಆಟ ಎಲ್ಲಿ ಸಿಗಬೇಕು?

ಮಾದರಿ ಹೊಸದೇನಲ್ಲ. ಅರ್ಥಶಾಸ್ತ್ರಜ್ಞರಾದ ಬ್ರಾಕ್ ಮತ್ತು ಡರ್ಲಾಫ್ 2001ರಲ್ಲಿ ಬರೆದ ಲಾಜಿಟ್ ಮಾದರಿಯೇ (ಹೌದು ಇಲ್ಲ ಅನ್ನುವ ನಿರ್ಧಾರದ ಸಾಧ್ಯತೆ ಲೆಕ್ಕ ಹಾಕುವ ಸೂತ್ರ), ಊರಿನ ಸರಾಸರಿಯ ಜಾಗದಲ್ಲಿ ಹೊಲದ ನೆರೆಹೊರೆ. ಒಬ್ಬೊಬ್ಬರ ಸ್ವಂತ ಒಲವಿಗೆ 'ಎಚ್', ನೆರೆಯ ಹೊಲಗಳಲ್ಲಿ ಎಷ್ಟು ಪಾಲು ಹಿಪ್ಪುನೇರಳೆ ಇದೆಯೋ ಅದರ ತೂಕಕ್ಕೆ 'ಜೆ'. ಜೆ 4ಕ್ಕಿಂತ ಕಡಿಮೆ ಇದ್ದರೆ ತಲೆನೋವಿಲ್ಲ, ಒಂದೇ ಸಮತೋಲ. 4 ದಾಟಿದರೆ ಕಥೆ ಬೇರೆ ಆಗಬಹುದು. ಎಲ್ಲರೂ ಒಂದೇ ಥರ ಇದ್ದಾರೆ ಅಂದುಕೊಳ್ಳಿ, ಜೆ 6, ಎಚ್ ಮೈನಸ್ 3 ಹಾಕಿ. ಶೇ. 7 ಜನ ಬೆಳೆಯುವುದೂ ಸಮತೋಲ, ಶೇ. 93 ಜನ ಬೆಳೆಯುವುದೂ ಸಮತೋಲ. ನಡುವೆ ಶೇ. 50ರಲ್ಲಿ ಇನ್ನೊಂದಿದೆ, ಸ್ವಲ್ಪ ಅಲ್ಲಾಡಿಸಿದರೂ ಅದು ನಿಲ್ಲುವುದಿಲ್ಲ. ಅದೇ ಮಣ್ಣು, ಅದೇ ನೀರು, ಅದೇ ಗೂಡಿನ ಬೆಲೆ. ಹಾಗಿದ್ದರೂ ಒಂದು ಊರು ಪೂರ್ತಿ ಹಸಿರು, ಪಕ್ಕದ ಊರಲ್ಲಿ ಒಂದು ಕಡ್ಡಿಯೂ ಇಲ್ಲ. ಆ ಕಡೆ ಓಡಾಡಿದವರಿಗೆ ಇಂಥ ಊರುಗಳು ಗೊತ್ತಿರುತ್ತವೆ.

ಈಗ ಕೈಕೊಟ್ಟ ದಾರಿಗಳ ವಿಷಯ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೇರೆ ಬೇರೆ ಕಡೆಯಿಂದ ಸಮೀಕರಣ ಬಿಡಿಸುವ ನ್ಯೂಟನ್ ವಿಧಾನ ಶುರುಮಾಡಿ, ಸಿಕ್ಕ ಸಮತೋಲಗಳನ್ನೆಲ್ಲ ಗುಡ್ಡೆ ಹಾಕುವುದು. ಅದು ನಡುವಿನ ನಿಲ್ಲದ ಸಮತೋಲಕ್ಕೇ ಹೋಗಿ ಬೀಳುತ್ತಿತ್ತು. ಎಷ್ಟು ಸಮತೋಲ ಸಿಕ್ಕವು, ಎಷ್ಟು ತಪ್ಪಿಸಿಕೊಂಡವು ಅಂತ ಹೇಳಲು ಯಾವ ಗುರುತೂ ಇಲ್ಲ. ಲೈಕ್ಲಿಹುಡ್ (ಮಾದರಿ ಮಾಹಿತಿಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಹಾರುತ್ತಿತ್ತು. ಬಾಡಿಗೆ ಸರ್ವರ್ ಮೇಲೆ ಇದನ್ನು ವಾರಗಟ್ಟಲೆ ಓಡಿಸಿದೆ. ಒಂದೇ ತಿಂಗಳ ಬಿಲ್ಲು 23 ಸಾವಿರದ ಹತ್ತಿರ ಬಂತು. ಸ್ವಂತ ಸಂಬಳದ ದುಡ್ಡು ಅದು. ಯೋಜನೆಗೆ ಅನುದಾನ ಕೇಳಿದ್ದ ಕಡೆ "ಗುರುತಿಸುವಿಕೆ ಸಾಧ್ಯವಿಲ್ಲ" (ಮಾಹಿತಿಯಿಂದ ಜೆ ಎಷ್ಟು ಅಂತ ಹೇಳಲಾಗದು) ಅಂತ ಒಂದು ಸಾಲು ಬರೆದು ವಾಪಸ್ ಕಳಿಸಿದ್ದರು.

ಸಾಧ್ಯತೆಗಳನ್ನೆಲ್ಲ ಎಣಿಸಿಬಿಡೋಣ ಅನ್ನುವ ಸಲಹೆಯೂ ಬಂತು. 20 ಹೊಲಕ್ಕೇ ಹತ್ತು ಲಕ್ಷಕ್ಕೂ ಮೇಲೆ ಜೋಡಣೆಗಳಾಗುತ್ತವೆ. ನನ್ನ ಊರುಗಳಲ್ಲಿ ಒಂದೊಂದರಲ್ಲಿ 300, 400 ಹೊಲ. ಅದನ್ನು ಅಲ್ಲಿಗೇ ಬಿಟ್ಟೆ.

ಎಲ್ಲ ಸಮತೋಲಗಳೂ ಬೇಕು ಅನ್ನುವ ಹಟ ಬಿಟ್ಟ ಮೇಲೆ ದಾರಿ ಕಂಡಿತು. ಆಟ ಪೂರಕವಾಗಿದ್ದರೆ ಅತಿ ಕೆಳಗಿನದು ಒಂದು, ಅತಿ ಮೇಲಿನದು ಒಂದು ಇದ್ದೇ ಇರುತ್ತದೆ. ಗಣಿತಜ್ಞ ಟಾರ್ಸ್ಕಿ 1955ರಲ್ಲಿ ಹೇಳಿದ್ದು, ಟಾಪ್ಕಿಸ್ 1979ರಲ್ಲಿ ಆಟಕ್ಕೆ ತಂದಿದ್ದು, ಮಿಲ್‌ಗ್ರಾಮ್ ಮತ್ತು ರಾಬರ್ಟ್ಸ್ 1990ರಲ್ಲಿ ಬೆಳೆಸಿದ್ದು. ಎಲ್ಲರನ್ನೂ ಸೊನ್ನೆಯಲ್ಲಿಟ್ಟು (ಯಾರೂ ಬೆಳೆಯುವುದಿಲ್ಲ ಅಂತ) ಪ್ರತಿಕ್ರಿಯೆ ಲೆಕ್ಕ ಹಾಕುತ್ತ ಹತ್ತಿ. ಎಲ್ಲರನ್ನೂ ಒಂದರಲ್ಲಿಟ್ಟು (ಎಲ್ಲರೂ ಬೆಳೆಯುತ್ತಾರೆ ಅಂತ) ಅದೇ ಲೆಕ್ಕ ಹಾಕುತ್ತ ಇಳಿಯಿರಿ. ಹತ್ತುವಾಗ ಒಂದು ಸಂಖ್ಯೆಯೂ ಕೆಳಗೆ ಬರುವುದಿಲ್ಲ, ಇಳಿಯುವಾಗ ಒಂದೂ ಮೇಲೆ ಹೋಗುವುದಿಲ್ಲ. ಎರಡೂ ಒಂದೇ ಕಡೆ ಸೇರಿದರೆ ಸಮತೋಲ ಒಂದೇ ಅಂತ ಸಾಬೀತಾಯಿತು, ಇನ್ನೇನೂ ಹುಡುಕಬೇಕಿಲ್ಲ. ಸೇರದಿದ್ದರೆ ಉಳಿದಿದ್ದೆಲ್ಲ ಇವೆರಡರ ನಡುವೆ ಇದೆ. ಅಂಗಡಿ ಸರಪಳಿಗಳು ಎಲ್ಲೆಲ್ಲಿ ಮಳಿಗೆ ತೆರೆಯುತ್ತವೆ ಅನ್ನುವುದಕ್ಕೆ ಪ್ಯಾನ್ಲೆ ಜಿಯಾ 2008ರಲ್ಲಿ ಅಮೆರಿಕದ ಸುಮಾರು 2 ಸಾವಿರ ಕೌಂಟಿಗಳ ಮೇಲೆ ಇದೇ ಬಗೆಯ ಮೇಲು-ಕೆಳಗಿನ ಲೆಕ್ಕ ಮಾಡಿದ್ದರು. ಅಲ್ಲಿ ನಡೆದದ್ದು ಹೊಲದಲ್ಲಿ ಯಾಕೆ ನಡೆಯಬಾರದು ಅಂತ ಹಟ ಹಿಡಿದೆ.

ಹೊಲಕ್ಕೆ ಹೋಗುವ ಮೊದಲು ನಿಜವಾದ ಜಾಲಗಳ ಮೇಲೆ ನಾನೇ ಹುಟ್ಟಿಸಿದ ನಿರ್ಧಾರಗಳಿಂದ ಪರೀಕ್ಷೆ ಮಾಡಿದೆ. ಇದಕ್ಕೆ ನಮ್ಮಲ್ಲೇ ಚಿನ್ನದಂಥ ಮಾಹಿತಿ ಇದೆ. ಬ್ಯಾನರ್ಜಿ, ಚಂದ್ರಶೇಖರ್, ಡುಫ್ಲೋ, ಜಾಕ್ಸನ್ ಇವರು ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಕಟ್ಟಿಸಿದ ಸಂಬಂಧಗಳ ಜಾಲ. ಯಾರ ಮನೆಗೆ ಹೋಗುತ್ತೀರಿ, ಅಕ್ಕಿ, ಸೀಮೆಎಣ್ಣೆ ಯಾರ ಹತ್ತಿರ ಕಡ ಕೇಳುತ್ತೀರಿ, ದುಡ್ಡು ಯಾರು ಕೊಡುತ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ, ಹೀಗೆ ಹನ್ನೆರಡು ಬಗೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆ ಜಾಲಗಳ ಮೇಲೆ ನಾನೇ ಜೆ ಇಟ್ಟು, ನಿರ್ಧಾರಗಳನ್ನು ನಾನೇ ಹುಟ್ಟಿಸಿ, ಮತ್ತೆ ಜೆ ವಾಪಸ್ ಸಿಗುತ್ತದಾ ನೋಡಿದೆ. 2 ಇಟ್ಟರೆ ಹಳೆಯ ವಿಧಾನವೂ ಹತ್ತಿರಕ್ಕೆ ಬಂತು. 5 ಇಟ್ಟಾಗ ಹಳೆಯ ವಿಧಾನ 3ರ ಆಸುಪಾಸಿನಲ್ಲೇ ನಿಂತಿತು. ನನ್ನದು 4.8, 5.1 ಹೀಗೆ ಕೊಟ್ಟಿತು. 75 ಊರುಗಳ ಲೆಕ್ಕ ನನ್ನ ಹಳೆ ಲ್ಯಾಪ್‌ಟಾಪಿನಲ್ಲೇ ಒಂದು ನಿಮಿಷದೊಳಗೆ ಮುಗಿಯಿತು. ಸರ್ವರ್ ಬಾಡಿಗೆ ಅಂದೇ ನಿಲ್ಲಿಸಿದೆ.

ಒಂದು ಸೆಮಿನಾರಿನಲ್ಲಿ ಇದನ್ನು ಇಟ್ಟಾಗ ಹಿರಿಯರೊಬ್ಬರು ಎದ್ದು ನಿಂತು, "ಆ ಹಳ್ಳಿಗಳಲ್ಲಿ ಕಿರುಸಾಲ ಹೇಗೆ ಹರಡಿತು ಅಂತ ನೋಡಿದಾಗ ಸುದ್ದಿ ಹರಡುವುದೇ ಮುಖ್ಯ ಅಂತ ಬಂತು, ನೆರೆಯವರು ಸೇರಿದರು ಅಂತ ಸೇರುವ ಪರಿಣಾಮ ಸಿಗಲಿಲ್ಲ. ನೀವು ಇಲ್ಲದ ಆಟ ಹುಡುಕುತ್ತಿದ್ದೀರಿ" ಅಂದರು. ಸಾಲದ ಮಟ್ಟಿಗೆ ಅವರ ಮಾತು ಸರಿ, 2013ರ ಆ ಲೇಖನ ಹೇಳುವುದು ಅದನ್ನೇ. ಸಾಲಕ್ಕೆ ನೆರೆಯವರು ಸೇರಲೇಬೇಕು ಅಂತಿಲ್ಲ. ಸೊಪ್ಪಿಗೆ ನೆರೆಯ ಹೊಲದ ಔಷಧಿ ತಾಗಿಯೇ ತಾಗುತ್ತದೆ. ವ್ಯತ್ಯಾಸ ಅಲ್ಲಿದೆ.

ಜಾಲ ಕಟ್ಟುವ ಕೆಲಸ ಅರ್ಧ ಪುಕ್ಕಟೆ, ಅರ್ಧ ದುಬಾರಿ. ಗ್ರಾಮ ನಕ್ಷೆ ಇದೆ, ಸರ್ವೆ ನಂಬರ್ ಇದೆ, ದಿಶಾಂಕ್ ಆ್ಯಪ್ ಇದೆ. ಯಾವ ಹೊಲದ ಪಕ್ಕ ಯಾವ ಹೊಲ ಅಂತ ಕೂತಲ್ಲೇ ಗೊತ್ತಾಗುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಪಹಣಿ ತೆಗೆದರೆ ತೀರಿಕೊಂಡ ತಾತನ ಹೆಸರು, ಕೆಳಗೆ ಐದಾರು ಜನರ ಜಂಟಿ ಖಾತೆ. ಪೋಡಿ ಆಗಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಬದು ಹಾಕಿಕೊಂಡು ನಾಲ್ಕು ಮನೆಯವರು ಬೇರೆ ಬೇರೆ ಬೆಳೆ ಇಡುತ್ತಿದ್ದಾರೆ. ಬದು ಬದು ನಡೆದು, ಯಾರು ಉಳುತ್ತಾರೆ ಅಂತ ಕೇಳಿಯೇ ಬರೆಯಬೇಕು. ಡಿಗ್ರಿ ಮುಗಿಸಿದ್ದ ಇಬ್ಬರು ಊರಿನ ಹುಡುಗರನ್ನು ದಿನಕ್ಕೆ 700ರಂತೆ ಇಟ್ಟುಕೊಂಡೆ. ಅವರ ಕೂಲಿ, ಬೈಕಿನ ಪೆಟ್ರೋಲು, ಸೆಕೆಂಡ್ ಹ್ಯಾಂಡ್ ಟ್ಯಾಬು ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲಾಯಿತು. ನಕ್ಷೆ ನಂಬಿ ಕೂತಿದ್ದರೆ ಆ ದುಡ್ಡು ಉಳಿಯುತ್ತಿತ್ತು, ಜಾಲ ಕೆಟ್ಟಿರುತ್ತಿತ್ತು. ಹೊರಗಿನವರನ್ನು ಕರೆದೊಯ್ಯಬೇಡಿ. ಊರಿನ ಹುಡುಗರಾದರೆ "ಅಣ್ಣಾ, ಆ ಮೂಲೆ ಹೊಲ ಈಗ ಭಾವನೋರು ನೋಡ್ಕೊಳ್ತಾರೆ" ಅನ್ನುವ ಮಾತು ತಾನಾಗಿ ಬರುತ್ತದೆ.

ಮುಂದಿನ ಜಗಳ ಅಣ್ಣತಮ್ಮಂದಿರದು. ಪಕ್ಕಪಕ್ಕದ ಹೊಲ ಅಂದರೆ ಬಹಳ ಸಲ ಪಾಲಾದ ಅಣ್ಣತಮ್ಮಂದಿರು. ಮಣ್ಣು ಒಂದೇ, ಬೋರ್‌ವೆಲ್ ಒಂದೇ. ಇಬ್ಬರೂ ಹಿಪ್ಪುನೇರಳೆ ಇಟ್ಟರೆ ಅದು ಪ್ರಭಾವವೋ ಬರೀ ಹೋಲಿಕೆಯೋ? ಮ್ಯಾನ್ಸ್ಕಿ 1993ರಲ್ಲಿ ಎತ್ತಿದ ಪ್ರಶ್ನೆಯ ಒಡಹುಟ್ಟಿದ ಪ್ರಶ್ನೆ ಇದು. ನಾನು ಎರಡು ಕೆಲಸ ಮಾಡಿದೆ. ಒಂದು, ಪ್ರಭಾವವನ್ನು ಹೋಲಿಕೆಯಿಂದ ಬೇರ್ಪಡಿಸಲು ನೆರೆಯವರ ನೆರೆಯವರ ಗುಣಗಳನ್ನು ಸಾಧನವಾಗಿ ಬಳಸಿದೆ, ಬ್ರಮುಲೆ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ ಹಾಗೆ. ಎರಡು, ಒಂದೇ ಮನೆತನದ ಅಥವಾ ಒಂದೇ ಬೋರ್‌ವೆಲ್ಲಿನ ಕೊಂಡಿಗಳನ್ನೆಲ್ಲ ಕತ್ತರಿಸಿ ಮತ್ತೆ ಅಂದಾಜು ಕಟ್ಟಿದೆ. ಜೆ ಮೊದಲು ನಾಲ್ಕೂವರೆ ಇತ್ತು, ಕತ್ತರಿಸಿದ ಮೇಲೆ 4.2ರ ಹತ್ತಿರ. 4ರ ಗೆರೆಗಿಂತ ಮೇಲೆಯೇ ಉಳಿಯಿತು. ಬೀಳುತ್ತದೆ ಅಂತ ಕಾಯುತ್ತಿದ್ದವರು ಆಮೇಲೆ ಈ ಮಾತು ಎತ್ತಲಿಲ್ಲ.

ಇನ್ನೊಂದು ಅನುಮಾನ ನನ್ನದೇ. ರೇಷ್ಮೆ ಮನೆಗಳು ಹತ್ತಿರ ಹತ್ತಿರ ಇದ್ದರೆ ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣದ ಕಾಟ ಜಾಸ್ತಿ. ಅಂದರೆ ನೆರೆಯವರಿಂದ ತೊಂದರೆಯೂ ಇದೆ. ಒಂದು ಕಡೆ ಚಿಹ್ನೆ ಮೈನಸ್ ಆದರೂ ಹತ್ತಿ ಇಳಿಯುವ ಇಡೀ ವಿಧಾನ ಕುಸಿಯುತ್ತದೆ. ಅದಕ್ಕೆ ಹುಳುಮನೆಗಳ ಜಾಲ ಬೇರೆ, ಹೊಲಗಳ ಜಾಲ ಬೇರೆ ಮಾಡಿದೆ. ಹುಳುಮನೆಯ ಅಂಕಿ ಸೊನ್ನೆಯ ಪಕ್ಕದಲ್ಲೇ ಬಂತು. ಸೊಳ್ಳೆ ಪರದೆ ಬಲೆ ಎಲ್ಲರ ಹುಳುಮನೆಗೂ ಬಂದಿರುವುದು ಕಾರಣ ಇರಬೇಕು ಅನ್ನುವುದು ನನ್ನ ಅಂದಾಜು. ಆ ಕೊಂಡಿ ತೆಗೆದು ಮುಂದೆ ಹೋದೆ.

ಮೂರು ಊರುಗಳಲ್ಲಿ ಎರಡರಲ್ಲಿ ಹತ್ತಿದ್ದೂ ಇಳಿದಿದ್ದೂ ಒಂದೇ ಕಡೆ ಸೇರಿದವು. ಮೂರನೆಯದರಲ್ಲಿ ಸೇರಲಿಲ್ಲ. ಕೆಳಗಿನ ಸಮತೋಲದಲ್ಲಿ ಐದರಲ್ಲಿ ಒಂದು ಹೊಲ ಹಿಪ್ಪುನೇರಳೆ, ಮೇಲಿನದರಲ್ಲಿ ಐದರಲ್ಲಿ ಮೂರು. ಊರು ನಿಂತಿದ್ದು ಮೇಲಿನದರ ಹತ್ತಿರ. ಲೈಕ್ಲಿಹುಡ್ ಕೂಡ ಅದನ್ನೇ ಆರಿಸಿತು. ಯಾವ ಸಮತೋಲ ಅನ್ನುವುದನ್ನು ಊರಿಗೊಂದರಂತೆ ಮಾಹಿತಿಗೇ ಬಿಡಬೇಕು, ಎಲ್ಲ ಊರಿಗೂ ಒಂದೇ ನಿಯಮ ಹೇರಬಾರದು.

ಎರಡು ಸಮತೋಲಗಳು ಒಂದಾಗಿ ಮಾಯವಾಗುವ ಅಂಚಿನಲ್ಲಿ ಲೆಕ್ಕ ತೆವಳುತ್ತದೆ. ಬೇರೆ ಕಡೆ ಮೂವತ್ತು ನಲವತ್ತು ಸುತ್ತಿನಲ್ಲಿ ಮುಗಿಯುವುದು ಇಲ್ಲಿ ನೂರಾರು ಸುತ್ತು ಹಿಡಿಯುತ್ತದೆ. ಹೊಲಗಳನ್ನು ಒಂದಾದ ಮೇಲೊಂದು ತಾಜಾ ಮಾಡುತ್ತ ಹೋದರೆ, ಅಂದರೆ ಗೌಸ್-ಸೈಡಲ್ ರೀತಿಯಲ್ಲಿ, ಏರಿಕೆಯ ಗುಣ ಕೆಡದೆ ವೇಗ ಬರುತ್ತದೆ. ಯಾವ ಹೊಲ ಮೊದಲು ಅನ್ನುವ ಸಾಲಿನಲ್ಲಿ ದೊಡ್ಡ ಲಾಭ ಇದೆ. ಆ ಸಾಲು ಹೇಗೆ ಕಟ್ಟಿದೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಆ ಅಂಚಿನಲ್ಲಿ ಲೈಕ್ಲಿಹುಡ್ ನೆಗೆಯುವುದನ್ನು ನಯ ಮಾಡುವ ಉಪಾಯವನ್ನೂ ಅಷ್ಟೇ.

ನಡುವೆ ಗಾಳಿಯ ಹಿಂದೆ ಒಂದಷ್ಟು ದಿನ ಹೋದೆ. ಮುಂಗಾರಿನಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ, ಹಾಗಿದ್ದರೆ ಆ ದಿಕ್ಕಿನ ನೆರೆಯವರ ತೂಕ ಜಾಸ್ತಿ ಇರಬೇಕಲ್ಲ? ಕೊಂಡಿಗಳಿಗೆ ದಿಕ್ಕು ಕೊಟ್ಟು ನೋಡಿದೆ. ಅಂದಾಜು ಅಲ್ಲಾಡಲಿಲ್ಲ. ರೈತರನ್ನು ಕೇಳಿದರೆ, ಔಷಧಿ ಹೊಡೆಯುವುದೇ ಗಾಳಿ ಇಲ್ಲದ ಬೆಳಗಿನ ಹೊತ್ತು ಅಂದರು. ಇನ್ನೊಂದು ಪ್ರಯೋಗದಲ್ಲಿ, ಯಾವ ಒಂದು ಹೊಲ ತರಕಾರಿಗೆ ತಿರುಗಿದರೆ ಜಾಸ್ತಿ ಹೊಲಗಳು ಹಿಂದೆಯೇ ಹೋಗುತ್ತವೆ ಅಂತ ಒಂದೊಂದಾಗಿ ತಿರುಗಿಸಿ ನೋಡಿದೆ. ದೊಡ್ಡ ಜಮೀನುದಾರರ ಹೊಲ ಮೊದಲ ಹತ್ತರಲ್ಲೂ ಇರಲಿಲ್ಲ. ಎರಡು ಹಸಿರು ಪಟ್ಟಿಗಳ ಸಂದಿಯಲ್ಲಿದ್ದ ಅರ್ಧ ಎಕರೆಯೊಂದು ಮೊದಲು ಬಂತು. ಅದರ ಒಡತಿ ಒಬ್ಬ ವಯಸ್ಸಾದ ತಾಯಿ. ಸೊಪ್ಪು ಮಾರಿ ಜೀವನ ಮಾಡುತ್ತಾರೆ.

ಪರೀಕ್ಷೆಯ ಅವಕಾಶ ತಾನಾಗಿ ಬಂತು. ಮೂರನೆಯ ಊರಿನಲ್ಲಿ ನಾಲ್ಕು ಎಕರೆಯ ಒಂದು ಹೊಲ ಗುಲಾಬಿಗೆ ಹೋಯಿತು. ಆ ಹೊಲವನ್ನು ಸೊನ್ನೆ ಮಾಡಿ, ಮೇಲಿನ ಸಮತೋಲದಿಂದ ಇಳಿಯುತ್ತ ಹೋದೆ. ಹತ್ತು ಹೊಲಗಳ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿಯಿತು. ಆ ಹತ್ತರ ಪಟ್ಟಿಯನ್ನು ಸೆಮಿನಾರಿನ ಅದೇ ಹಿರಿಯರಿಗೆ ಮೇಲ್ ಮಾಡಿದೆ. ವರ್ಷ ಕಳೆದ ಮೇಲೆ ಹುಡುಗರು ಹೋಗಿ ನೋಡಿ ಬಂದರು. ಹತ್ತರಲ್ಲಿ ಏಳು ಹೊಲ ಕಿತ್ತಿದ್ದರು. ಪಟ್ಟಿಯ ಹೊರಗೆ ಎರಡೇ ಹೊಲ ಹೋಗಿದ್ದವು, ಅದರಲ್ಲಿ ಒಂದು ಹುಳ ಸಾಕುವ ಕೈಯಿಲ್ಲದೆ ಬಿಟ್ಟಿದ್ದು. ನೆರೆಯ ಪ್ರಭಾವ ಬಿಟ್ಟ ಬರೀ ಲಾಜಿಟ್ ಅದೇ ಹತ್ತರ ಲೆಕ್ಕದಲ್ಲಿ ಎರಡು ಹಿಡಿದಿತ್ತು. ಹಿರಿಯರು ಫೋನ್ ಮಾಡಿ, "ಕೋಡ್ ಕಳಿಸಪ್ಪ, ನಮ್ಮ ವಿದ್ಯಾರ್ಥಿಗಳು ನೋಡಲಿ" ಅಂದರು. ಅವತ್ತೇ ಕಳಿಸಿದೆ.

ಜೂಲಿಯಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೋಡ್, ಊರು ಮತ್ತು ಹೆಸರು ಅಳಿಸಿದ ಜಾಲಗಳು, ಪ್ರಶ್ನಾವಳಿ, ಮೂರನ್ನೂ ಕೇಳಿದವರಿಗೆ ಕೊಡುತ್ತೇನೆ. ಹೊಲಗಳ ಸಾಲಿನ ಭಾಗ ಲೇಖನ ಅಚ್ಚಾದ ಮೇಲೆ ಸೇರಿಸುತ್ತೇನೆ, ಅದಿಲ್ಲದೆಯೂ ಕೋಡ್ ಓಡುತ್ತದೆ, ನಿಧಾನ ಅಷ್ಟೇ. ಮುಂದಿನ ಕೆಲಸ ಅದೇ ಊರುಗಳ ಬೋರ್‌ವೆಲ್ ಆಳ. ಪಕ್ಕದವರು ಇನ್ನೂರು ಅಡಿ ಜಾಸ್ತಿ ಕೊರೆಸಿದರೆ ಇವರೂ ಕೊರೆಸಬೇಕು. ಹೌದು ಇಲ್ಲ ಅನ್ನುವ ಆಟ ಅಲ್ಲ, ಆಳದ ಆಟ, ಆದರೂ ಹತ್ತುವುದು ಇಳಿಯುವುದು ಅಲ್ಲೂ ನಡೆಯಬೇಕು. ಅದಕ್ಕೆ ಎರಡು ಲಕ್ಷದ ಮೇಲೆ ಬೇಕಾಗುತ್ತದೆ. ಅರ್ಧ ಕೂಡಿಟ್ಟಿದ್ದೇನೆ, ಈ ಬೇಸಿಗೆಗೆ ಅದೇ ಇಬ್ಬರು ಹುಡುಗರು ಮೊದಲ ಊರಿಗೆ ಹೊರಡುತ್ತಾರೆ.