ಏಳೆಂಟು ಗಂಟೆಯ ಲೇಓವರ್, ಆಮೇಲೆ ರಾತ್ರಿ ವಿಮಾನ: ನಾನು ಹೊತ್ತು ಕಳೆಯುವ ಬಗೆ

ಊರಿಗೆ ಮರಳುವಾಗ ನಡುವಿನ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಏಳೆಂಟು ಗಂಟೆ ಕಾಯುವುದು, ಅಂದರೆ ಲೇಓವರ್, ಅದಾದ ಮೇಲೆ ರಾತ್ರಿಯಿಡೀ ವಿಮಾನ. ನನ್ನ ಕೆಲಸದಲ್ಲಿ ಇದು ತಪ್ಪಿದ್ದಲ್ಲ. ಆ ಹೊತ್ತನ್ನು ಹೇಗೋ ತಳ್ಳಿದರೆ ಸಾಕು ಅಂತ ನಾನು ಅಂದುಕೊಳ್ಳುವುದಿಲ್ಲ. ವಿಮಾನದಲ್ಲಿ ನಿದ್ದೆ ಬರಬೇಕಾದರೆ ಅದರ ತಯಾರಿ ನಿಲ್ದಾಣದಲ್ಲೇ ಆಗಬೇಕು. ನನ್ನ ಲೇಓವರ್ ಪೂರ್ತಿ ಆ ಲೆಕ್ಕದಲ್ಲೇ ನಡೆಯುತ್ತದೆ.

ಇಳಿದ ಕೂಡಲೇ ಕೈಗಡಿಯಾರವನ್ನು ಊರಿನ ಸಮಯಕ್ಕೆ ತಿರುಗಿಸುತ್ತೇನೆ. ಫೋನಿನಲ್ಲಿ ಸ್ಥಳೀಯ ಸಮಯವೇ ಇರಲಿ, ಗೇಟಿಗೆ ಹೋಗಲು ಅದು ಬೇಕು. ಕಾಫಿ, ಊಟ, ನಿದ್ದೆ ಮಾತ್ರ ಕೈಗಡಿಯಾರ ಹೇಳಿದಂತೆ. ಮುಂದಿನ ಬೋರ್ಡಿಂಗ್ ಪಾಸ್ ಕೈಯಲ್ಲಿಲ್ಲದಿದ್ದರೆ ಟ್ರಾನ್ಸ್‌ಫರ್ ಕೌಂಟರಿನಲ್ಲಿ ಆಗಲೇ ತೆಗೆದುಕೊಳ್ಳುತ್ತೇನೆ. ಲಗೇಜ್ ಚೀಟಿಯ ಮೇಲೆ ಕೊನೆಯ ನಿಲ್ದಾಣದ ಮೂರಕ್ಷರದ ಕೋಡ್ ಇದೆಯೇ ಅಂತಲೂ ನೋಡುತ್ತೇನೆ. ಎರಡು ವಿಮಾನಕ್ಕೆ ಬೇರೆ ಬೇರೆ ಟಿಕೆಟ್ ತೆಗೆಸಿದವರ ಕಥೆ ಬೇರೆ. ಲಗೇಜ್ ಇಳಿಸಿಕೊಂಡು, ಇಮಿಗ್ರೇಷನ್ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕಾಗಿ ಬರಬಹುದು, ಅದಕ್ಕೆ ಆ ದೇಶದ ವೀಸಾವೂ ಬೇಕಾದೀತು. ಇದನ್ನು ಟಿಕೆಟ್ ತೆಗೆಸುವ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಆಮೇಲೆ ನಡಿಗೆ. ಚಲಿಸುವ ಪಟ್ಟಿಯನ್ನು ಬಿಟ್ಟು ಟರ್ಮಿನಲ್ಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ, ದೊಡ್ಡ ಗಾಜಿನ ಕಿಟಕಿ ಸಿಕ್ಕಲ್ಲಿ ನಿಲ್ಲುತ್ತೇನೆ. ಹಗಲ ಬೆಳಕು ಕಣ್ಣಿಗೆ ಬಿದ್ದಷ್ಟೂ ತೂಕಡಿಕೆ ದೂರ. ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ನೋಟವಿದೆ. ವಿಮಾನವನ್ನು ಹಿಂದಕ್ಕೆ ತಳ್ಳುವಾಗ ಅದರ ಮುಂಗಾಲಿಗೆ ಒಂದು ಪಿನ್ ಹಾಕಿರುತ್ತಾರೆ. ಅದು ಇರುವಷ್ಟು ಹೊತ್ತು ಒಳಗಿನಿಂದ ಆ ಚಕ್ರವನ್ನು ತಿರುಗಿಸಲು ಆಗುವುದಿಲ್ಲ. ತಳ್ಳಿ ಮುಗಿದ ಮೇಲೆ ನೆಲದ ಸಿಬ್ಬಂದಿಯೊಬ್ಬರು ಪಕ್ಕಕ್ಕೆ ಬಂದು, ತೆಗೆದ ಪಿನ್ನನ್ನು ಅದರ ಉದ್ದನೆಯ ಪಟ್ಟಿ ಸಮೇತ ಎತ್ತಿ ಹಿಡಿದು ಪೈಲಟ್‌ಗೆ ತೋರಿಸುತ್ತಾರೆ. ಮೇಲಿನಿಂದ ಪೈಲಟ್ ಕೈ ಬೀಸುತ್ತಾರೆ, ವಿಮಾನ ಹೊರಡುತ್ತದೆ. ಒಂದು ಗಂಟೆ ಹೀಗೆ ನೋಡುತ್ತ ನಿಂತರೂ ನನಗೆ ಬೇಸರವಾಗುವುದಿಲ್ಲ. ಮೊಬೈಲ್ ನೋಡುತ್ತ ಕಳೆದ ಗಂಟೆ ಇಷ್ಟು ಹಗುರವಾಗಿ ಸರಿಯುವುದೂ ಇಲ್ಲ.

ಕಾಫಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಹಾಗಾಗಿ ಲೇಓವರಿನ ಮೊದಲ ಗಂಟೆಯಲ್ಲಿ ಒಂದು ಕಪ್, ಅಲ್ಲಿಗೆ ಮುಗಿಯಿತು. ತೀರಾ ಕಣ್ಣು ಎಳೆದರೆ ಬ್ಯಾಗಿನ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು, ಅಲಾರಂ ಇಟ್ಟು 20 ನಿಮಿಷ ಮಲಗುತ್ತೇನೆ, ಅದೂ ಮೊದಲ ಅರ್ಧದಲ್ಲೇ. ಸಂಜೆಯ ಮೇಲೆ ಮಲಗಿದರೆ ರಾತ್ರಿಯ ನಿದ್ದೆ ಅಲ್ಲೇ ಖರ್ಚಾಗಿಬಿಡುತ್ತದೆ.

ಬೋರ್ಡಿಂಗಿಗೆ ಎರಡು ಗಂಟೆ ಇರುವಾಗ ಹೊಟ್ಟೆ ತುಂಬ ಊಟ ಮಾಡುತ್ತೇನೆ. ಸ್ನಾನಕ್ಕೆ ಅನುಕೂಲವಿದ್ದರೆ ಸರಿ, ಇಲ್ಲದಿದ್ದರೆ ಮುಖ, ಕತ್ತು, ಕಾಲು ತೊಳೆದು, ಹಲ್ಲುಜ್ಜಿ ಕಾಲುಚೀಲ ಬದಲಿಸಿದರೂ ಮೈಗೆ ರಾತ್ರಿಯಾಯಿತು ಅನ್ನಿಸುತ್ತದೆ. ಫೋನನ್ನು ಅಲ್ಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಅಳತೆ). ಹಲವು ವಿಮಾನ ಕಂಪನಿಗಳು ಈಗ ಹಾರಾಟದ ವೇಳೆ ಅದನ್ನು ಬಳಸಲು ಬಿಡುವುದಿಲ್ಲ. ನೀರಿನ ಬಾಟಲಿ ಖಾಲಿಯಾಗಿದ್ದರೆ ಸೆಕ್ಯುರಿಟಿಯಲ್ಲಿ ತಕರಾರಿಲ್ಲ, ದಾಟಿದ ಮೇಲೆ ತುಂಬಿಸಿಕೊಳ್ಳುತ್ತೇನೆ. ಗೇಟಿನ ಬಳಿಯೇ ಇನ್ನೊಮ್ಮೆ ತಪಾಸಣೆ ಇರುವ ಕಡೆ ಅದಾದ ಮೇಲೆ.

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟೇ ನನ್ನ ಆಯ್ಕೆ. ಒರಗಲು ಗೋಡೆ ಸಿಗುತ್ತದೆ, ಯಾರೂ ನಮ್ಮನ್ನು ದಾಟಿ ಹೋಗುವುದಿಲ್ಲ. ಕೂತ ತಕ್ಷಣ ಹೊದಿಕೆ ಹೊದ್ದು, ಬೆಲ್ಟನ್ನು ಅದರ ಮೇಲೆ ಕಾಣುವಂತೆ ಹಾಕಿಕೊಳ್ಳುತ್ತೇನೆ. ನಡುರಾತ್ರಿ ವಿಮಾನ ಕುಲುಕಿದಾಗ ಬೆಲ್ಟ್ ಹಾಕಿದ್ದೀರಾ ಅಂತ ಎಬ್ಬಿಸುವ ಪ್ರಮೇಯ ಬರುವುದಿಲ್ಲ. ಊಟಕ್ಕೂ ಎಬ್ಬಿಸಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ಆ ಒತ್ತಡಕ್ಕೆ ಹೊಟ್ಟೆಯ ಗಾಳಿ ಹಿಗ್ಗುತ್ತದೆ, ಅದಕ್ಕೇ ಸೋಡಾ ಮುಟ್ಟುವುದಿಲ್ಲ. ತೇವಾಂಶ ಶೇ. 20ಕ್ಕಿಂತ ಕಡಿಮೆ ಇರುವುದರಿಂದ ತುಟಿ, ಮೂಗು ಒಣಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಹತ್ತುವ ಮುಂಚೆ ತೆಗೆದು ಕನ್ನಡಕಕ್ಕೆ ಬದಲಾಯಿಸುವುದು ಒಳ್ಳೆಯದು. ಮದ್ಯ ಕುಡಿದರೆ ನಿದ್ದೆ ಬೇಗ ಹತ್ತಬಹುದು, ಆದರೆ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಎಚ್ಚರವಾದಾಗಲೆಲ್ಲ ನಾನು ಪಾದವನ್ನು ಮೇಲೆ ಕೆಳಗೆ ಆಡಿಸಿ ಮೀನಖಂಡಕ್ಕೆ ಕೆಲಸ ಕೊಡುತ್ತೇನೆ. 4 ಗಂಟೆ ಮೀರಿ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೊದಲೇ ಆ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು.

ಇಳಿಯುವ ಮುಂಚೆ ದೀಪ ಹಾಕಿದಾಗ ಎದ್ದು, ನೀರು ಕುಡಿದು, ಸಡಿಲ ಬಿಟ್ಟಿದ್ದ ಶೂ ಲೇಸ್ ಕಟ್ಟಿಕೊಳ್ಳುತ್ತೇನೆ. ವಿಮಾನ ಕೆಳಗಿಳಿಯುವಾಗ ನಿದ್ದೆಯಲ್ಲಿದ್ದರೆ ಎಂಜಲು ನುಂಗುವುದು ಕಡಿಮೆಯಾಗಿ ಕಿವಿ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಮನೆ ತಲುಪಿದವನು ಹಾಸಿಗೆಯ ಕಡೆ ಹೋಗದೆ ಬಟ್ಟೆ ಒಗೆಯಲು ಹಾಕಿ ಹೊರಗೆ ಬಿಸಿಲಿನಲ್ಲಿ ಒಂದು ಸುತ್ತು ನಡೆದು ಬರುತ್ತೇನೆ, ಮಲಗುವುದು ರಾತ್ರಿಯೇ.